ಹಾಜರಿ ತಪ್ಪಿಸದ ಆಟಗಾರ: ಅಲನ್ ಪೇಜ್

ನಮ್ಮೂರ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳಿವು. ಮುಂದಿನ ಸಾಲುಗಳಲ್ಲಿ ಹೈಸ್ಕೂಲ್ ಮಕ್ಕಳು ಇದ್ದರು, ಹಿಂದಿನ ಬೆಂಚುಗಳಲ್ಲಿ ಅವರ ಅಪ್ಪ-ಅಮ್ಮಂದಿರು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕೆಲಸದ ಮೇಲೆ ನಾನು ಕೆಲವು ವರ್ಷ ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿದ್ದೆ. ಅಲ್ಲಿ ಅಕ್ಟೋಬರ್ ಮೊದಲ ಭಾನುವಾರ ದೊಡ್ಡ ಮ್ಯಾರಥಾನ್ ನಡೆಯುತ್ತದೆ. ಆಫೀಸಿನ ಗೆಳೆಯರೊಬ್ಬರು ಓಡುತ್ತಿದ್ದರು. ಅವರಿಗೆ ಚಪ್ಪಾಳೆ ತಟ್ಟೋಣ ಅಂತ ನಾನೂ ಬೇಗ ಎದ್ದು ಹೋಗಿ ಲೇಕ್ ಆಫ್ ದಿ ಐಲ್ಸ್ ಎಂಬ ಕೆರೆಯ ಹತ್ತಿರ ನಿಂತಿದ್ದೆ. ಕೈ ಜೇಬಿನಿಂದ ತೆಗೆಯೋಕೆ ಮನಸ್ಸಾಗದಷ್ಟು ಚಳಿ. ಆಗ ಪಕ್ಕದಿಂದ ಬೊಂ, ಬೊಂ ಅಂತ ದಪ್ಪನೆಯ ಸದ್ದು ಬಂತು. ತಿರುಗಿ ನೋಡಿದರೆ ಆಜಾನುಬಾಹು ಹಿರಿಯರೊಬ್ಬರು, ಕಪ್ಪು ಬಣ್ಣದವರು, ಹಿತ್ತಾಳೆಯ ದೊಡ್ಡ ವಾದ್ಯವನ್ನು ಮೈಗೆ ಸುತ್ತಿಕೊಂಡು ಊದುತ್ತಿದ್ದರು. ನಮ್ಮ ಮದುವೆ ದಿಬ್ಬಣದ ಬ್ಯಾಂಡ್‌ಸೆಟ್‌ನಲ್ಲೂ ಕೆಲವೊಮ್ಮೆ ಕಾಣುತ್ತದೆ, ತಲೆಯ ಮೇಲೆ ದೊಡ್ಡ ಹೂವು ಅರಳಿದ ಹಾಗೆ ಬಾಯಿ ಇರುವ ವಾದ್ಯ. ಅದರ ಹೆಸರು ಸೂಸಾಫೋನ್. ಓಡುವವರೆಲ್ಲ ಅವರತ್ತ ಕೈ ಬೀಸಿ ನಗುತ್ತಾ ಹೋಗುತ್ತಿದ್ದರು.

"ಇವರು ಯಾರು?" ಅಂತ ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ. "ಜಸ್ಟಿಸ್ ಪೇಜ್. ನಮ್ಮ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಇದ್ದವರು" ಎಂದರು. ಒಂದು ಕ್ಷಣ ಬಿಟ್ಟು, "ಫುಟ್‌ಬಾಲ್ ಆಡ್ತಿದ್ದರಲ್ಲ, ಅವರೇ" ಎಂದು ಸೇರಿಸಿದರು.

ಮೊದಲು ಜಡ್ಜ್, ಆಮೇಲೆ ಆಟಗಾರ. ಆ ಹೆಂಗಸು ಹೇಳಿದ ಕ್ರಮ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅಮೆರಿಕದಲ್ಲಿ ವೃತ್ತಿಪರ ಫುಟ್‌ಬಾಲ್ ಆಡಿದವರನ್ನು ಸಾಮಾನ್ಯವಾಗಿ ಸಾಯೋವರೆಗೂ ಆಟಗಾರ ಅಂತಲೇ ಕರೆಯುತ್ತಾರೆ. ಇವರ ವಿಷಯದಲ್ಲಿ ಯಾಕೆ ಹೀಗಾಯಿತು? ಆವತ್ತಿನಿಂದ ಇವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಈಗ ನಿಮ್ಮ ಮುಂದೆ ಇಡುತ್ತಿರುವುದು ಅದನ್ನೇ.

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಇಲ್ಲಿ ಚೆಂಡು ಮೊಟ್ಟೆಯ ಆಕಾರದಲ್ಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಮೈದಾನದಲ್ಲಿ ಒಂದೊಂದು ಕಡೆ 11 ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಅಂತ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಆ ಆಟದ ಮದುಮಗ ಅವನೇ. ಜಾಹೀರಾತಿನಲ್ಲಿ ಬರುವ ಮುಖವೂ ಜಾಸ್ತಿ ಅವನದೇ.

ಅಲನ್ ಪೇಜ್ ಅವನನ್ನು ಹಿಡಿಯುವ ಕೆಲಸದವರು. ಆ ಜಾಗಕ್ಕೆ ಡಿಫೆನ್ಸಿವ್ ಟ್ಯಾಕಲ್ ಎನ್ನುತ್ತಾರೆ. ಕಬಡ್ಡಿ ಆಡಿದ ಹುಡುಗರಿಗೆ ಇದು ಬೇಗ ಅರ್ಥವಾಗುತ್ತದೆ. ರೈಡರ್‌ನ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಮೂಲೆಯಲ್ಲಿ ಕಾದು ನಿಂತು ಕಾಲಿಗೆ ಕೈ ಹಾಕುವವನ ಹೆಸರು ಕೇಳಿದರೆ ತುಂಬ ಜನ ಸ್ವಲ್ಪ ಯೋಚಿಸುತ್ತಾರೆ.

ಆ ನಾಲ್ಕು ಅವಕಾಶಗಳಲ್ಲಿ ಒಂದೊಂದಕ್ಕೂ ಪ್ಲೇ ಎನ್ನುತ್ತಾರೆ. ಪೇಜ್ ಅವರ ಒಂದು ಪ್ಲೇ ಹೇಗಿರುತ್ತಿತ್ತು ಅಂತ ಹತ್ತಿರದಿಂದ ನೋಡಿ. ಒಂದು ಕೈ ನೆಲಕ್ಕೆ ಊರಿ, ಸೊಂಟ ಮೇಲೆತ್ತಿ ಬಗ್ಗಿ ನಿಂತಿರುತ್ತಾರೆ. ಮೂಗಿನ ಎದುರಿಗೇ ಅವರಷ್ಟೇ ಭಾರದ, ಕೆಲವೊಮ್ಮೆ ಅವರಿಗಿಂತ ಭಾರದ ಒಬ್ಬ. ಪಕ್ಕದಲ್ಲಿ ಇನ್ನೊಬ್ಬ. ಇಬ್ಬರಿಗೂ ಇರುವುದು ಒಂದೇ ಕೆಲಸ, ಇವರನ್ನು ಒಳಗೆ ಬಿಡಬಾರದು. ಚೆಂಡು ಅಲುಗಿದ ತಕ್ಷಣ ಇವರೂ ಏಳಬೇಕು. ಒಂದು ರೆಪ್ಪೆ ಬಡಿಯುವಷ್ಟು ಮೊದಲು ಎದ್ದರೆ ಪೆನಾಲ್ಟಿ, ಅಷ್ಟೇ ತಡವಾದರೆ ಎದುರಿನವನ ಕೈ ಆಗಲೇ ಎದೆಗೆ ಬಿದ್ದಿರುತ್ತದೆ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವುದರೊಳಗೆ ಎರಡು ಮೂರು ಸೆಕೆಂಡ್ ಸಿಕ್ಕರೆ ಹೆಚ್ಚು. ಪೇಜ್ ಸುಮಾರು ಆರು ಅಡಿ ನಾಲ್ಕು ಇಂಚು ಎತ್ತರ, 111 ಕಿಲೋ ತೂಕ ಇದ್ದರು. ಅವರ ಬಲ ಮೊದಲ ಹೆಜ್ಜೆಯಲ್ಲಿತ್ತು. ಎದುರಿನವನು ತಲೆ ಎತ್ತುವುದರೊಳಗೆ ಇವರ ಹೆಗಲು ಸಂದಿಯಲ್ಲಿ ನುಸುಳಿರುತ್ತಿತ್ತು. ಹಳೆಯ ವಿಡಿಯೊ ನೋಡಿದರೆ ಇದು ತಳ್ಳಾಟದ ಹಾಗೆ ಕಾಣಿಸುವುದೇ ಇಲ್ಲ. ಜನ ತುಂಬಿದ ಬಸ್ಸಿನಲ್ಲಿ ಯಾರನ್ನೂ ತಳ್ಳದೆ ಸರಕ್ಕನೆ ಬಾಗಿಲಿಗೆ ಬಂದುಬಿಡುವವರನ್ನು ನೋಡಿದ್ದೀರಲ್ಲ, ಹಾಗೆ.

ಅವರು ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಲ್ಲಿ. ಉಕ್ಕಿನ ಕಾರ್ಖಾನೆಗಳ ಊರದು. ಅಪ್ಪ ಒಂದು ಬಾರ್ ನಡೆಸುತ್ತಿದ್ದರು. ಅಮ್ಮ ಶ್ರೀಮಂತರ ಕ್ಲಬ್ ಒಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಪೇಜ್‌ಗೆ 13 ವರ್ಷವಾದಾಗ ಅಮ್ಮ ತೀರಿಕೊಂಡರು. ಮನೆಯಲ್ಲಿ ಓದಿನ ಬಗ್ಗೆ ಮಾತ್ರ ರಾಜಿ ಇರಲಿಲ್ಲ. ಅವರ ಓರಗೆಯ ಕರಿಯ ಹುಡುಗರಿಗೆ ಆ ಊರಲ್ಲಿ ಕಾಣುತ್ತಿದ್ದ ಭವಿಷ್ಯ ಎಂದರೆ ಉಕ್ಕಿನ ಕಾರ್ಖಾನೆ. ಪೇಜ್‌ಗೆ ಅದು ಬೇಡವಾಗಿತ್ತು. ನಾಲ್ಕನೇ ಕ್ಲಾಸಿನ ಹೊತ್ತಿಗೇ ಲಾಯರ್ ಆಗಬೇಕು ಅನ್ನಿಸಿತ್ತಂತೆ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಸರ್ಕಾರಿ ಶಾಲೆ ಇರಕೂಡದು ಅಂತ ತೀರ್ಪು ಕೊಟ್ಟಿತು. ಕೋರ್ಟಿನ ಒಂದು ಮಾತಿಗೆ ಎಷ್ಟು ಬಲ ಇದೆ ಅಂತ ಆ ತೀರ್ಪಿನಿಂದ ಗೊತ್ತಾಯಿತು ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಆಗ ಅವರಿಗೆ ಎಂಟು ವರ್ಷ.

ಹೈಸ್ಕೂಲ್ ಮುಗಿಸುವ ಹೊತ್ತಿಗೆ ಅವರು ಕಟ್ಟಡದ ಕೆಲಸಕ್ಕೂ ಹೋಗುತ್ತಿದ್ದರು. ಆಗ ಕ್ಯಾಂಟನ್‌ನಲ್ಲಿ ಏಳುತ್ತಿದ್ದ ಕಟ್ಟಡ ಯಾವುದು ಗೊತ್ತಾ? ಫುಟ್‌ಬಾಲ್‌ನ ಮಹಾನ್ ಆಟಗಾರರ ಹೆಸರುಗಳನ್ನು ಇಡುವ ಹಾಲ್ ಆಫ್ ಫೇಮ್. 1963ರಲ್ಲಿ ಅದರ ಬಾಗಿಲು ತೆರೆಯಿತು. ಸರಿಯಾಗಿ 25 ವರ್ಷದ ಮೇಲೆ ಅದೇ ಕಟ್ಟಡದೊಳಗೆ ಇವರ ಕಂಚಿನ ಪ್ರತಿಮೆ ಬಂತು. ಸಾಮಾನು ಹೊತ್ತ ಹುಡುಗನ ಮುಖವೇ ಅಲ್ಲಿನ ಗೋಡೆಗೆ ಬಂತು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಕಾಲೇಜು ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ. 1966ರಲ್ಲಿ ಆ ತಂಡ ದೇಶಕ್ಕೇ ಮೊದಲು ಬಂತು. ಮಾರನೇ ವರ್ಷ ರಾಜ್ಯಶಾಸ್ತ್ರದಲ್ಲಿ ಪದವಿ ಸಿಕ್ಕಿತು. ಅದೇ ವರ್ಷ ಮಿನಿಸೋಟ ವೈಕಿಂಗ್ಸ್ ತಂಡ ಡ್ರಾಫ್ಟ್‌ನಲ್ಲಿ ಅವರನ್ನು ಆರಿಸಿತು. ಡ್ರಾಫ್ಟ್ ಎಂದರೆ ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಪದ್ಧತಿ. ಇವರದು 15ನೇ ಹೆಸರು.

ವೈಕಿಂಗ್ಸ್‌ನ ಆಗಿನ ಮೈದಾನಕ್ಕೆ ಮೇಲ್ಛಾವಣಿ ಇರಲಿಲ್ಲ. ಮಿನಿಸೋಟದ ಡಿಸೆಂಬರ್ ಹೇಗಿರುತ್ತದೆ ಅಂತ ಅಲ್ಲಿ ಇದ್ದುಬಂದ ನನಗೆ ಗೊತ್ತು. ಉಸಿರು ಬಿಟ್ಟರೆ ಮೀಸೆಯ ಮೇಲೆ ಹೆಪ್ಪುಗಟ್ಟುತ್ತದೆ. ಕೋಚ್ ಬಡ್ ಗ್ರಾಂಟ್ ತಮ್ಮ ಆಟಗಾರರು ನಿಲ್ಲುವ ಕಡೆ ಹೀಟರ್ ಇಡೋಕೆ ಬಿಡುತ್ತಿರಲಿಲ್ಲ. ಎದುರಾಳಿಗಳು ಹೀಟರ್ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದರೆ ಇವರು ಚಳಿಯಲ್ಲೇ ನಿಂತು ಆಟ ನೋಡಬೇಕಿತ್ತು. ಅಂಥ ಕಡೆ ನಾಲ್ಕು ಜನರ ಒಂದು ಸಾಲು ಹುಟ್ಟಿಕೊಂಡಿತು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್, ಅಲನ್ ಪೇಜ್. ನೇರಳೆ ಬಣ್ಣದ ಜೆರ್ಸಿ ಹಾಕಿದ ಈ ನಾಲ್ವರಿಗೆ ಜನ ಪರ್ಪಲ್ ಪೀಪಲ್ ಈಟರ್ಸ್ ಎಂದು ಹೆಸರಿಟ್ಟರು, ಮನುಷ್ಯರನ್ನು ತಿನ್ನುವ ನೇರಳೆ ಪ್ರಾಣಿಗಳು ಅಂತ. 1969ರಲ್ಲಿ ಲೀಗ್‌ನ 14 ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ. ಪಂದ್ಯಕ್ಕೆ ಹತ್ತು ಅಂಕವೂ ಇಲ್ಲ. ಆ ಆಟದಲ್ಲಿ ಇದು ಸಣ್ಣ ಮಾತಲ್ಲ.

1971ರಲ್ಲಿ ಆದದ್ದು ಇನ್ನೂ ದೊಡ್ಡದು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪ್ರತಿ ವರ್ಷ ಲೀಗ್‌ನ ಅತ್ಯಮೂಲ್ಯ ಆಟಗಾರ ಯಾರು ಅಂತ ಆರಿಸುತ್ತದೆ. ಅದು ಹೆಚ್ಚುಕಮ್ಮಿ ಚೆಂಡು ಎಸೆಯುವವರಿಗೆ, ಹಿಡಿದು ಓಡುವವರಿಗೆ ಹೋಗುವ ಪ್ರಶಸ್ತಿ. ಆ ವರ್ಷ ಅದು ಅಲನ್ ಪೇಜ್‌ಗೆ ಬಂತು. ತಡೆಯುವ ಕೆಲಸದವರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಮೇಲೆ ಸಿಕ್ಕಿದ್ದು ಇನ್ನೊಬ್ಬರಿಗೆ ಮಾತ್ರ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ.

ಆ ವರ್ಷದ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್ ಎದುರಿನ ಪಂದ್ಯದ ಒಂದು ತುಣುಕನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪೇಜ್ ಮೇಲೆ ಒಂದರ ಹಿಂದೆ ಒಂದು ಪೆನಾಲ್ಟಿ ಬೀಳುತ್ತದೆ. ಅವರಿಗೆ ಅದು ಸರಿ ಅನ್ನಿಸುವುದಿಲ್ಲ. ಸಿಟ್ಟು ಮೈಯಲ್ಲೇ ಕಾಣುತ್ತದೆ. ಆಮೇಲಿನ ಪ್ಲೇಗಳಲ್ಲಿ ಅವರನ್ನು ಹಿಡಿಯೋಕೆ ಯಾರಿಂದಲೂ ಆಗುವುದಿಲ್ಲ. ಒಬ್ಬರೇ ಇಡೀ ತಂಡವನ್ನು ಹಿಂದೆ ಹಿಂದೆ ದೂಡಿಕೊಂಡು ಹೋದ ಹಾಗೆ ಕಾಣುತ್ತದೆ. ಮಕ್ಕಳೇ, ಅಂಪೈರ್ ತೀರ್ಪು ತಪ್ಪು ಅನ್ನಿಸಿದಾಗ ನಾವು ಬ್ಯಾಟ್ ಎಸೆಯುತ್ತೇವೆ ಅಲ್ವಾ? ಇವರು ಮತ್ತೆ ಅದೇ ಸಾಲಿಗೆ ಬಂದು ನೆಲಕ್ಕೆ ಕೈ ಊರಿದರು.

ಇನ್ನು ಸೋಲಿನ ಮಾತು. ವೈಕಿಂಗ್ಸ್ ನಾಲ್ಕು ಸಲ ಸೂಪರ್ ಬೌಲ್ ಎಂಬ ಕೊನೆಯ ದೊಡ್ಡ ಪಂದ್ಯಕ್ಕೆ ಹೋಯಿತು. 1970ರ ಜನವರಿಯಲ್ಲಿ ಕನ್ಸಾಸ್ ಸಿಟಿ ಎದುರು 23-7. 1974ರಲ್ಲಿ ಮಯಾಮಿ ಎದುರು 24-7. 1975ರಲ್ಲಿ ಪಿಟ್ಸ್‌ಬರ್ಗ್ ಎದುರು 16-6. 1977ರಲ್ಲಿ ಓಕ್‌ಲ್ಯಾಂಡ್ ಎದುರು 32-14. ನಾಲ್ಕೂ ಸೋಲು. ನಾಲ್ಕರಲ್ಲೂ ಪೇಜ್ ಆಡಿದ್ದರು. ಗೆದ್ದವರ ಉಂಗುರ ಅವರ ಬೆರಳಿಗೆ ಬರಲೇ ಇಲ್ಲ.

ಬೆರಳು ಅಂದೆ, ಅದರ ಕಥೆಯನ್ನೂ ಹೇಳಿಬಿಡುತ್ತೇನೆ. ಅವರ ಒಂದು ಕೈಯ ಕಿರುಬೆರಳು ಆಟದಲ್ಲಿ ಕೀಲು ತಪ್ಪಿ ತಪ್ಪಿ, ಈಗ ನಡುವಿನ ಗೆಣ್ಣಿನಿಂದ ಪೂರ್ತಿ ಹೊರಕ್ಕೆ ತಿರುಗಿ ನಿಂತಿದೆ. ಉಳಿದ ಬೆರಳು ನೇರ, ಅದೊಂದು ಅಡ್ಡ. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಲಂಬಕೋನ ಬರೆದ ಹಾಗಿದೆ. ಫೋಟೊಗಳಲ್ಲಿ ಅವರು ಅದನ್ನು ಮುಚ್ಚಿಕೊಳ್ಳುವುದಿಲ್ಲ. ಶಾಲೆಗಳಿಗೆ ಹೋದಾಗ ಚಿಕ್ಕ ಮಕ್ಕಳು ಮೊದಲು ಕೇಳುವುದು ಆ ಬೆರಳಿನ ಬಗ್ಗೆಯೇ. ಕೊನೆಗೆ ಅವರು, ಟೀಚರ್ ಆಗಿದ್ದ ತಮ್ಮ ಮಗಳ ಜೊತೆ ಸೇರಿ 2013ರಲ್ಲಿ ಆ ಬೆರಳಿನ ಮೇಲೇ ಮಕ್ಕಳ ಪುಸ್ತಕ ಒಂದನ್ನು ತಂದರು.

ಈಗ ಬೋರ್ಡ್ ಮೇಲೆ ಒಂದು ಲೆಕ್ಕ ಬರೆಯುತ್ತೇನೆ, ನೀವೂ ಮಾಡಿ. ಪೇಜ್ ಆಡಿದ್ದು 1967ರಿಂದ 1981ರವರೆಗೆ, 15 ಸೀಸನ್. 1977ರವರೆಗೆ ಲೀಗ್‌ನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 14 ಪಂದ್ಯ. ಅಂದರೆ 11 ವರ್ಷಕ್ಕೆ 154. 1978ರಿಂದ ವರ್ಷಕ್ಕೆ 16. ನಾಲ್ಕು ವರ್ಷಕ್ಕೆ 64. ಎರಡೂ ಸೇರಿ 218. ಪೇಜ್ ಆಡಿದ ಲೀಗ್ ಪಂದ್ಯಗಳು ಎಷ್ಟು? 218.

ಒಂದನ್ನೂ ಬಿಟ್ಟಿಲ್ಲ. ಪ್ರತಿ ಪಂದ್ಯದಲ್ಲೂ ಇಬ್ಬರು ಮೈಮೇಲೆ ಬೀಳುವ ಜಾಗದಲ್ಲಿ ನಿಂತು, 15 ವರ್ಷ, ಒಂದು ದಿನವೂ ಹಾಜರಿ ತಪ್ಪಿಸಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡಿನ ಸಮೇತ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಲೀಗ್ ಅದರ ಲೆಕ್ಕವನ್ನು ಅಧಿಕೃತವಾಗಿ ಇಡಲು ಶುರು ಮಾಡಿದ್ದು 1982ರಲ್ಲಿ, ಇವರು ಆಟ ಬಿಟ್ಟ ಮೇಲೆ. ಹಾಗಾಗಿ ಅಧಿಕೃತ ಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಒಂದು ಸ್ಯಾಕೂ ಇಲ್ಲ. ನನಗೆ ಅದರ ಬಗ್ಗೆ ಬೇಸರವಿದೆ. ಆದರೆ ಈ 218ನ್ನು ಯಾರೂ ಅಳಿಸೋಕಾಗಲ್ಲ.

ಇವರ ಜೀವನದಲ್ಲಿ ಹಾಜರಿ ತಪ್ಪಿದ್ದು ಒಂದು ಕಡೆ ಮಾತ್ರ. ವೈಕಿಂಗ್ಸ್ ಸೇರಿದ ಹೊಸದರಲ್ಲಿ ಸೇಂಟ್ ಪಾಲ್ ಊರಿನ ಒಂದು ಲಾ ಕಾಲೇಜಿಗೆ ಸೇರಿದ್ದರು. ಮೂರೇ ವಾರ. ಏನು ಹೇಳುತ್ತಿದ್ದಾರೆ ಅಂತ ತಲೆಬುಡ ಗೊತ್ತಾಗಲಿಲ್ಲ, ಬಿಟ್ಟುಬಿಟ್ಟರು. ಈ ಮೂರು ವಾರದ ಕಥೆ ನನಗೆ ತುಂಬ ಹತ್ತಿರ. ಕೆಲಸ ಮಾಡುತ್ತಾ ಸಂಜೆ ಕಾಲೇಜಿಗೆ ಸೇರಿ ಅರ್ಧಕ್ಕೆ ಬಿಟ್ಟವನು ನಾನೂ. ಬಿಟ್ಟ ಮೇಲೆ ಆ ರಸ್ತೆಯಲ್ಲಿ ಹೋಗುವಾಗ ಕಾಲೇಜಿನ ಕಡೆ ನೋಡೋಕೆ ಆಗುವುದಿಲ್ಲ. ಆ ಸಂಕಟ ಅನುಭವಿಸಿದವರಿಗೆ ಗೊತ್ತು.

ಪೇಜ್ ವಾಪಸ್ ಹೋದರು. ಅದೂ ಯಾವಾಗ? ಹೆಸರು, ಪ್ರಶಸ್ತಿ ಎಲ್ಲ ಬಂದ ಮೇಲೆ, 1970ರ ದಶಕದ ನಡುವೆ, ಇನ್ನೂ ವೈಕಿಂಗ್ಸ್‌ಗೆ ಆಡುತ್ತಿರುವಾಗಲೇ. ಈ ಸಲ ಮಿನಿಸೋಟ ವಿಶ್ವವಿದ್ಯಾಲಯದ ಲಾ ಕಾಲೇಜು. ಭಾನುವಾರ ಮೈದಾನದಲ್ಲಿ ಹೊಡೆತ ತಿಂದು, ವಾರದ ದಿನ ಕೇಸುಗಳ ದಪ್ಪ ಪುಸ್ತಕದ ಮುಂದೆ ಕೂರಬೇಕು. ಹಿಂದಿನ ಬೆಂಚಿನವರು ಒಮ್ಮೆ ಯೋಚನೆ ಮಾಡಿ. ಆಟಕ್ಕೆ ಬಿಟ್ಟರೆ ಓದು ಹಾಳಾಗುತ್ತದೆ ಅಂತ ನಾವು ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮನುಷ್ಯ ಲೀಗ್‌ನ ಅತಿ ಕಷ್ಟದ ಜಾಗದಲ್ಲಿ ಆಡುತ್ತಲೇ 1978ರಲ್ಲಿ ಕಾನೂನು ಪದವಿ ಪಡೆದರು.

ಅದೇ ಹೊತ್ತಿಗೆ ಅವರು ಓಡೋಕೂ ಶುರು ಮಾಡಿದ್ದರು. ಹೆಂಡತಿ ಡಯಾನ್ ಸಿಗರೇಟು ಬಿಡಬೇಕು ಅಂತ ಓಟ ಹಿಡಿದಿದ್ದರು. ಇವರು ಜೊತೆಗೆ ಹೋದರು. ಹೋದವರು ನಿಲ್ಲಿಸಲೇ ಇಲ್ಲ. ಓಡುತ್ತಾ ಓಡುತ್ತಾ ತೂಕ ಹತ್ತು ಕಿಲೋದಷ್ಟು ಇಳಿಯಿತು. ತಂಡಕ್ಕೆ ಅದು ಹಿಡಿಸಲಿಲ್ಲ. ಈ ತೂಕದವರು ಆ ಜಾಗದಲ್ಲಿ ನಿಲ್ಲೋಕಾಗಲ್ಲ ಅನ್ನುವುದು ಕೋಚ್ ಲೆಕ್ಕ. 1978ರ ಅಕ್ಟೋಬರ್‌ನಲ್ಲಿ, ಆರು ಪಂದ್ಯ ಆದ ಮೇಲೆ, ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. 160 ಪಂದ್ಯ ಆಡಿದ ತಂಡ ಅದು.

ಶಿಕಾಗೊ ಬೇರ್ಸ್ ಅವರನ್ನು ತೆಗೆದುಕೊಂಡಿತು. ಅದಕ್ಕೆ ಕಟ್ಟಿದ ಶುಲ್ಕ 100 ಡಾಲರ್. ಲೀಗ್‌ನ ಅತ್ಯಮೂಲ್ಯ ಆಟಗಾರ ಅನ್ನಿಸಿಕೊಂಡು ಇನ್ನೂ ಏಳು ವರ್ಷ ಆಗಿತ್ತಷ್ಟೆ. ಬೇರ್ಸ್‌ನ ಕೋಚ್ ನೀಲ್ ಆರ್ಮ್‌ಸ್ಟ್ರಾಂಗ್ ಅದಕ್ಕೂ ಮೊದಲು ವರ್ಷಗಟ್ಟಲೆ ವೈಕಿಂಗ್ಸ್‌ನಲ್ಲೇ ತಡೆಯುವ ಪಡೆಯನ್ನು ನೋಡಿಕೊಂಡಿದ್ದವರು. ಚಂದ್ರನ ಮೇಲೆ ಕಾಲಿಟ್ಟವರಲ್ಲ, ಹೆಸರು ಹತ್ತಿರ ಹತ್ತಿರ ಅಷ್ಟೆ. ತೂಕದ ಯಂತ್ರ ಏನೇ ಹೇಳಲಿ, ಪೇಜ್ ಎಂಥವರು ಅಂತ ಅವರಿಗೆ ಗೊತ್ತಿತ್ತು. ಆ ಸೀಸನ್‌ನ ಉಳಿದ ಹತ್ತು ಪಂದ್ಯ, ಆಮೇಲೆ ಮೂರು ವರ್ಷದ 48. ಶಿಕಾಗೊದಲ್ಲಿ 58. ಅಲ್ಲೂ ಒಂದೂ ತಪ್ಪಿಸಲಿಲ್ಲ. ಬೇಕಾದರೆ ಬೋರ್ಡಿನ ಲೆಕ್ಕಕ್ಕೆ ಹೋಲಿಸಿ ನೋಡಿ. 160ಕ್ಕೆ 58 ಸೇರಿದರೆ 218.

ತೂಕ ಇಳಿಸಿದ ಆ ಓಟವನ್ನೂ ಬಿಡಲಿಲ್ಲ. 1979ರಲ್ಲಿ ಮ್ಯಾರಥಾನ್ ಓಡಿ ಮುಗಿಸಿದರು. ಲೀಗ್‌ನಲ್ಲಿ ಆಡುತ್ತಿರುವಾಗಲೇ ಮ್ಯಾರಥಾನ್ ಮುಗಿಸಿದವರಲ್ಲಿ ಅವರೇ ಮೊದಲಿಗರು. ಸೀಸನ್ ಮುಗಿದ ತಿಂಗಳುಗಳಲ್ಲಿ ಮಿನಿಯಾಪೊಲಿಸ್‌ನ ಒಂದು ವಕೀಲರ ಕಚೇರಿಗೆ ಹೋಗಿ ಕೆಲಸ ಮಾಡುತ್ತಿದ್ದರು. 1981ರಲ್ಲಿ ಆಟ ಬಿಟ್ಟರು. ಆಟ ಮುಗಿದ ಮಾರನೇ ದಿನ ಬೆಳಗ್ಗೆ ಏನು ಮಾಡೋದು ಅನ್ನುವ ಪ್ರಶ್ನೆ ಎಷ್ಟೋ ಆಟಗಾರರನ್ನು ತಿಂದುಹಾಕುತ್ತದೆ. ಇವರಿಗೆ ಹೋಗೋಕೆ ಒಂದು ಆಫೀಸು ಇತ್ತು.

ಆಟಗಾರರ ಸಂಘದ ಬಗ್ಗೆಯೂ ಒಂದು ಮಾತು. ಪೇಜ್ ವರ್ಷಗಟ್ಟಲೆ ತಮ್ಮ ತಂಡದ ಆಟಗಾರರ ಪ್ರತಿನಿಧಿಯಾಗಿದ್ದರು. ಆಗ ಒಂದು ನಿಯಮವಿತ್ತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದರೆ, ಹೊಸ ತಂಡ ಹಳೆಯದಕ್ಕೆ ಪರಿಹಾರ ಕೊಡಬೇಕು. ಎಷ್ಟು ಅಂತ ಎರಡೂ ತಂಡ ಒಪ್ಪದಿದ್ದರೆ ಲೀಗ್‌ನ ಕಮಿಷನರ್ ತೀರ್ಮಾನಿಸುತ್ತಾರೆ. ಹಾಗಾದರೆ ಯಾವ ತಂಡ ಧೈರ್ಯ ಮಾಡುತ್ತದೆ? ಆಟಗಾರ ಕಟ್ಟಿಹಾಕಿದ ಹಾಗೆ ಅಲ್ಲೇ ಇರಬೇಕು. 1974ರಲ್ಲಿ ಆಟಗಾರರು ಮುಷ್ಕರ ಹೂಡಿದರು. ಸ್ವಾತಂತ್ರ್ಯ ಇಲ್ಲದಿದ್ದರೆ ಫುಟ್‌ಬಾಲ್ ಇಲ್ಲ ಅನ್ನುವುದು ಅವರ ಘೋಷಣೆ. ಮುಷ್ಕರ ಗೆಲ್ಲಲಿಲ್ಲ. ಆದರೆ 1976ರಲ್ಲಿ ಕೋರ್ಟ್ ಆ ನಿಯಮ ಕಾನೂನಿಗೆ ವಿರುದ್ಧ ಎಂದಿತು. ಲಾ ಓದುತ್ತಿದ್ದ ಆಟಗಾರನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿತ್ತಾ?

ಈ ಪಾಠ ಅವರಿಗೆ 1992ರಲ್ಲಿ ಕೆಲಸಕ್ಕೆ ಬಂತು. ಅಷ್ಟರಲ್ಲಿ ಅವರು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ವಕೀಲರಾಗಿದ್ದರು. ಮಿನಿಸೋಟದಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ಜನ ವೋಟು ಹಾಕಿ ಆರಿಸುತ್ತಾರೆ, ಆರು ವರ್ಷಕ್ಕೊಮ್ಮೆ. ನಮಗೆ ಇದು ವಿಚಿತ್ರ ಅನ್ನಿಸಬಹುದು, ಅಲ್ಲಿನ ಪದ್ಧತಿ ಹಾಗಿದೆ. ಆ ವರ್ಷ ಒಬ್ಬರು ನ್ಯಾಯಾಧೀಶರ ಅವಧಿ ಮುಗಿಯಬೇಕಿತ್ತು. ಪೇಜ್ ಆ ಸ್ಥಾನಕ್ಕೆ ನಿಲ್ಲಬೇಕು ಅಂತಿದ್ದರು. ಆದರೆ ಗವರ್ನರ್ ಆ ನ್ಯಾಯಾಧೀಶರ ಅವಧಿಯನ್ನೇ ಮುಂದಕ್ಕೆ ಹಾಕಿದರು. ಚುನಾವಣೆ ನಡೆಯದ ಹಾಗಾಯಿತು. ಪೇಜ್ ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ ಸೇರಬೇಕು ಅಂತಿದ್ದರೋ ಅದೇ ಕೋರ್ಟಿನ ಮುಂದೆ! ಅಲ್ಲಿನ ನ್ಯಾಯಾಧೀಶರು ತಮ್ಮದೇ ಸಹೋದ್ಯೋಗಿಯ ವಿಷಯವನ್ನು ಕೇಳುವ ಹಾಗಿಲ್ಲ. ಅದಕ್ಕಾಗಿ ಬದಲಿ ನ್ಯಾಯಾಧೀಶರ ಪೀಠ ಕೂತಿತು. ಆ ಪೀಠ ಪೇಜ್ ಪರವಾಗಿ ಹೇಳಿತು. ಚುನಾವಣೆ ನಡೆಯಿತು, ಗೆದ್ದರು. 1993ರ ಜನವರಿಯಲ್ಲಿ ಮಿನಿಸೋಟ ಸುಪ್ರೀಂ ಕೋರ್ಟಿನ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಾಧೀಶರಾಗಿ ಕೂತರು. 1998, 2004, 2010ರಲ್ಲಿ ಮತ್ತೆ ಮತ್ತೆ ಆರಿಸಿ ಬಂದರು. ನಿಲುವಂಗಿಯ ಕತ್ತಿನಲ್ಲಿ ಯಾವಾಗಲೂ ಒಂದು ಬೋ ಟೈ. ಎಷ್ಟೋ ಜನ ಅವರನ್ನು ಗುರುತು ಹಿಡಿಯುತ್ತಿದ್ದದ್ದೇ ಅದರಿಂದ.

2008ರಲ್ಲಿ ಅಮೆರಿಕದ ಸೆನೆಟ್‌ಗೆ ಮಿನಿಸೋಟದಿಂದ ನಡೆದ ಚುನಾವಣೆ ನಿಮಗೆ ಗೊತ್ತಿರಲಿಕ್ಕಿಲ್ಲ. ಲಕ್ಷಗಟ್ಟಲೆ ವೋಟು ಬಿದ್ದು, ಇಬ್ಬರ ನಡುವಿನ ಅಂತರ ಕೆಲವೇ ನೂರು. ಮರುಎಣಿಕೆ, ದಾವೆ, ತಿಂಗಳುಗಟ್ಟಲೆ ಜಗ್ಗಾಟ. ಕೊನೆಗೆ ವಿಷಯ ರಾಜ್ಯ ಸುಪ್ರೀಂ ಕೋರ್ಟಿಗೆ ಬಂತು. ಎಣಿಕೆ ನೋಡಿಕೊಳ್ಳುವ ಮಂಡಳಿಯಲ್ಲಿದ್ದ ಕಾರಣಕ್ಕೆ ಮುಖ್ಯ ನ್ಯಾಯಾಧೀಶರೂ ಇನ್ನೊಬ್ಬರೂ ದೂರ ಉಳಿದರು. ಹಿರಿಯರಾದ ಪೇಜ್ ಮುಖ್ಯ ಕುರ್ಚಿಯಲ್ಲಿ ಕೂತರು. 2009ರ ಜೂನ್ 30ರಂದು ಐವರೂ ಒಮ್ಮತದಿಂದ ತೀರ್ಪು ಕೊಟ್ಟರು. ಆಲ್ ಫ್ರಾಂಕನ್ 312 ವೋಟಿನಿಂದ ಗೆದ್ದಿದ್ದಾರೆ ಅಂತ. ಸೋತ ನಾರ್ಮ್ ಕೋಲ್ಮನ್ ಅದೇ ದಿನ ಒಪ್ಪಿಕೊಂಡರು. ಅಷ್ಟು ಕಹಿಯಾದ ಜಗಳ ಅಲ್ಲಿಗೆ ನಿಂತಿತು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ತಟ್ಟಿದ್ದು ಬೇರೆಯದು. ಫುಟ್‌ಬಾಲ್ ತಂಡಗಳಲ್ಲಿ ಪ್ಲೇಬುಕ್ ಅಂತ ಇರುತ್ತದೆ, ಯಾವ ಪ್ಲೇಗೆ ಯಾರು ಎಲ್ಲಿ ನಿಲ್ಲಬೇಕು ಅಂತ ಬರೆದಿರುವ ಪುಸ್ತಕ. ಒಂದು ಸಲ ಮೀಟಿಂಗ್‌ನಲ್ಲಿ ಸಾಲಿನ ಆಟಗಾರರು ಒಬ್ಬೊಬ್ಬರಾಗಿ ಅದನ್ನು ಗಟ್ಟಿಯಾಗಿ ಓದಬೇಕಾಯಿತು. ಕೆಲವರು ಸರಾಗವಾಗಿ ಓದಿದರು. ಕೆಲವರು ತಡವರಿಸಿದರು. ಇನ್ನು ಕೆಲವರಿಗೆ ಓದೋಕೇ ಬರಲಿಲ್ಲ. ಇವರೆಲ್ಲ ಹೈಸ್ಕೂಲ್, ಕಾಲೇಜು ದಾಟಿ ಬಂದವರು. ಚೆನ್ನಾಗಿ ಆಡುತ್ತಾರೆ ಅಂತ ಒಂದೊಂದು ಕ್ಲಾಸಿನಿಂದಲೂ ಮುಂದಕ್ಕೆ ತಳ್ಳಿದ್ದರು. ಆ ಕೋಣೆಯಲ್ಲಿ ಪುಸ್ತಕ ಹಿಡಿದು ಸುಮ್ಮನೆ ನಿಂತ ಆ ದೊಡ್ಡ ಮೈಯ ಮನುಷ್ಯನನ್ನು ನೆನೆಸಿಕೊಳ್ಳಿ. ಸುತ್ತ ಗೆಳೆಯರು. ಯಾರೂ ತಲೆ ಎತ್ತಿರಲಿಕ್ಕಿಲ್ಲ. ಪೇಜ್ ಇದನ್ನು ಮರೆಯಲಿಲ್ಲ.

1988ರಲ್ಲಿ, ಆಗಲೇ ಹೇಳಿದೆನಲ್ಲ, ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಬಂತು. ಅಲ್ಲಿ ಪ್ರತಿಯೊಬ್ಬರನ್ನೂ ವೇದಿಕೆಯ ಮೇಲೆ ಒಬ್ಬರು ಪರಿಚಯಿಸುತ್ತಾರೆ. ಸಾಮಾನ್ಯವಾಗಿ ಹಳೆಯ ಕೋಚ್, ಇಲ್ಲವೇ ಜೊತೆಗೆ ಆಡಿದವರು. ಪೇಜ್ ಕರೆದದ್ದು ವಿಲರೀನ್ ಬೀಸ್ಲಿ ಅವರನ್ನು. ಮಿನಿಯಾಪೊಲಿಸ್‌ನ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಅವರು. ಫುಟ್‌ಬಾಲ್‌ನ ದೊಡ್ಡ ಹಬ್ಬದ ದಿನ, ದೊಡ್ಡ ದೊಡ್ಡ ಆಟಗಾರರ ನಡುವೆ, ಒಬ್ಬ ಕರಿಯ ಟೀಚರಮ್ಮ ಮೈಕ್ ಮುಂದೆ ಬಂದು ನಿಂತರು. ಪೇಜ್ ತಮ್ಮ ಮಾತಿನಲ್ಲೂ ಆಟದ ಸುದ್ದಿಗಿಂತ ಶಾಲೆಯ ಸುದ್ದಿಯನ್ನೇ ಜಾಸ್ತಿ ಆಡಿದರು.

ಅದೇ ವರ್ಷ ಅವರೂ ಡಯಾನ್ ಅವರೂ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಮಿನಿಸೋಟದ ಕರಿಯ ಮತ್ತು ಇತರ ಬಿಳಿಯೇತರ ಮಕ್ಕಳಿಗೆ ಕಾಲೇಜು ಓದೋಕೆ ಹಣ. ಒಂದು ಷರತ್ತು ಇದೆ. ಹಣ ತೆಗೆದುಕೊಂಡವರು ಚಿಕ್ಕ ಮಕ್ಕಳಿಗೆ ಓದಿನಲ್ಲಿ ಜೊತೆಯಾಗಬೇಕು. ಕಾಲೇಜಿನ ಹುಡುಗಿ ವಾರ ವಾರ ಹೋಗಿ ಎರಡನೇ ಕ್ಲಾಸಿನ ಮಗುವಿನ ಪಕ್ಕ ಕೂತು ಓದಿಸಬೇಕು. ಸಾವಿರಾರು ಮಕ್ಕಳು ಹೀಗೆ ಓದಿ ಹೋಗಿದ್ದಾರೆ. ಪ್ಲೇಬುಕ್ ಹಿಡಿದು ನಿಂತ ಆ ಮನುಷ್ಯನಿಗೆ ಎರಡನೇ ಕ್ಲಾಸಿನಲ್ಲಿ ಹೀಗೆ ಪಕ್ಕದಲ್ಲಿ ಕೂರುವವರು ಒಬ್ಬರಿದ್ದಿದ್ದರೆ ಅಂತ ನನಗೆ ಅನ್ನಿಸುತ್ತಿರುತ್ತದೆ.

2015ರಲ್ಲಿ 70 ತುಂಬಿತು. ಆ ವಯಸ್ಸಿಗೆ ಅಲ್ಲಿ ನ್ಯಾಯಾಧೀಶರು ಇಳಿಯಲೇಬೇಕು, ಇಳಿದರು. 2017ರಲ್ಲಿ ಮಿನಿಯಾಪೊಲಿಸ್‌ನ ಒಂದು ಶಾಲೆಗೆ ಅವರ ಹೆಸರು ಬಂತು. ಆ ಶಾಲೆಗೆ ಮೊದಲು 19ನೇ ಶತಮಾನದ ಗವರ್ನರ್ ಅಲೆಕ್ಸಾಂಡರ್ ರ‍್ಯಾಮ್ಸಿ ಹೆಸರಿತ್ತು. ಅಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದಿಂದಲೇ ಓಡಿಸಬೇಕು ಎಂದಿದ್ದವರು ಅವರು. ಆ ಹೆಸರು ಬೇಡ ಎಂದು ಹೋರಾಡಿದ್ದು ಶಾಲೆಯ ಮಕ್ಕಳೇ. ಹೊಸ ಹೆಸರಿನಲ್ಲೂ ಮೊದಲ ಪದ ಜಸ್ಟಿಸ್. ಕೆರೆಯ ದಂಡೆಯಲ್ಲಿ ಆ ಹೆಂಗಸು ಹೇಳಿದ ಕ್ರಮವೇ. 2018ರಲ್ಲಿ ದೇಶದ ಅಧ್ಯಕ್ಷರು ಕೊಡುವ ಮೆಡಲ್ ಆಫ್ ಫ್ರೀಡಂ ಬಂತು. ಅದಕ್ಕೆ ಕೆಲವು ವಾರ ಮೊದಲು ಡಯಾನ್ ತೀರಿಕೊಂಡಿದ್ದರು. ಓಟ ಕಲಿಸಿದವರು, ಫೌಂಡೇಶನ್ ಕಟ್ಟಿದವರು, ಆ ಸಂತೋಷ ನೋಡೋಕೆ ಇರಲಿಲ್ಲ.

ನಾನು ಹೇಳಬೇಕೆಂದಿದ್ದು ಇಷ್ಟು. ಪ್ರಶ್ನೆ ಇದ್ದರೆ ಕೇಳಿ ಎಂದೆ. ಎರಡನೇ ಸಾಲಿನ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ನಾಲ್ಕು ಫೈನಲ್ ಸೋತ್ರಲ್ಲ, ಅವರಿಗೆ ಬೇಜಾರಾಗ್ಲಿಲ್ವಾ?" ಅಂತ ಕೇಳಿದಳು. ಖಂಡಿತ ಆಗಿರುತ್ತದಮ್ಮ, ಎಂದೆ. ನಾಲ್ಕನೆಯದು ಸೋತದ್ದು 1977ರ ಜನವರಿ 9ಕ್ಕೆ, ಭಾನುವಾರ. ಆ ಹೊತ್ತಿಗೆ ಅವರು ಲಾ ಕಾಲೇಜಿನಲ್ಲಿ ಓದುತ್ತಿದ್ದರು. ಹುಡುಗಿ ಸ್ವಲ್ಪ ಹೊತ್ತು ಬೋರ್ಡಿನ ಮೇಲಿದ್ದ 218ನ್ನು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೂತಳು.

ಕುರ್ಚಿ ಎತ್ತಿಟ್ಟು ಹೊರಗೆ ಬಂದಾಗ ಕಬಡ್ಡಿ ಹುಡುಗರು ಇನ್ನೂ ಮೆಟ್ಟಿಲ ಮೇಲಿದ್ದರು. ಒಬ್ಬ ತನ್ನ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು, ನೋವಾಗದಷ್ಟು ಮೆಲ್ಲಗೆ, ಅಡ್ಡಕ್ಕೆ ಬಗ್ಗಿಸಿ ನೋಡುತ್ತಿದ್ದ.